ನಾಲ್ಕು ಓಮಿನ ಪೆಟ್ಟಿಗೆಗಳು

ಕನ್ನಡಕದಂಗಡಿಯವರು ಊರಿಗೆಲ್ಲ ಚಿಕ್ಕ ಅಕ್ಷರ ಓದಿಸುವವರು. ತಾವು ಮಾತ್ರ ಸ್ಪೀಕರಿನ ಬೆನ್ನಿಗಂಟಿದ್ದ ಉಗುರಗಲದ ಚೀಟಿಯನ್ನು ಓದದೆ ಕೊಂಡುಬಿಟ್ಟಿದ್ದರು. ಅದರಲ್ಲಿ ಸ್ಪೀಕರು ಕರೆಂಟನ್ನು ತಡೆಯುವ ಅಳತೆ ‘ನಾಲ್ಕು ಓಮ್’ ಎಂದಿತ್ತು. ಮನೆಯಲ್ಲಿದ್ದ, ಸ್ಪೀಕರುಗಳಿಗೆ ಸದ್ದು ಉಣಿಸುವ ಹಳೆಯ ರಿಸೀವರ್ ಆರಕ್ಕಿಂತ ಕಡಿಮೆ ಓಮಿನ ಸ್ಪೀಕರನ್ನು ಸಹಿಸುವ ಜಾತಿಯದಲ್ಲ. ಸಿನಿಮಾದವರು ಪಿಸುಗುಡುವಷ್ಟು ಹೊತ್ತು ಅದು ಸುಮ್ಮನಿರುತ್ತಿತ್ತು. ಯಾರಾದರೂ ಬಾಗಿಲು ಒದ್ದರೆ ಸಾಕು, ಮೂರ್ಛೆ ಬಂದವರಂತೆ ಪಟ್ಟೆಂದು ಆರಿಹೋಗುತ್ತಿತ್ತು. ವಾರದಿಂದ ಆ ಮನೆಯಲ್ಲಿ ಒಂದು ಕೊಲೆಯೂ ಪೂರ್ತಿಯಾಗಿರಲಿಲ್ಲ.

ರಜೆಯ ದಿನ ಬೆಳಿಗ್ಗೆ ಹೆಂಡತಿ ತೀರ್ಪು ಕೊಟ್ಟಳು. “ನೋಡ್ರೀ, ಸಾಯಂಕಾಲ ನನ್ನ ತಮ್ಮ ವ್ಯಾನ್ ತರ್ತಾನೆ. ಅಷ್ಟರೊಳಗೆ ಈ ಐದು ಪೆಟ್ಟಿಗೆ ನೆಟ್ಟಗೆ ಹಾಡಿದ್ರೆ ಇರ್ಲಿ. ಇಲ್ಲಾಂದ್ರೆ ಅವನು ಹೊತ್ಕೊಂಡು ಹೋಗ್ತಾನೆ.”

“ಅವನಿಗ್ಯಾಕೆ ಸ್ಪೀಕರು?”

“ಮೇಲೆ ಹೂವಿನ ಕುಂಡ ಇಡ್ತಾನಂತೆ.”

ಮುಚ್ಚಿಹೋದ ಸಣ್ಣ ಚಿತ್ರಮಂದಿರವೊಂದರ ಮಾಲೀಕನನ್ನು ತಿಂಗಳುಗಟ್ಟಲೆ ಕಾಡಿ ಬೇಡಿ ತಂದ ಸ್ಪೀಕರುಗಳು! ಕನ್ನಡಕದವರು ಚಪ್ಪಲಿ ಮೆಟ್ಟಿ ಹೊಸ ರಿಸೀವರ್ ಕೊಳ್ಳಲು ಹೊರಟರು.

ಮೆಟ್ಟಿಲ ಬಳಿ ಮೇಲಿನ ಮನೆಯ ನಿವೃತ್ತ ಲಿಫ್ಟ್ ಮೆಕ್ಯಾನಿಕ್ ಸಿಕ್ಕಿದರು. ಯಾರು ಏನು ಕೊಳ್ಳಲು ಹೊರಟರೂ ಜೊತೆಗೆ ಹೊರಡುವುದು ನಿವೃತ್ತಿಯ ನಂತರ ಅವರು ಹಿಡಿದ ಉದ್ಯೋಗ.

“ರಿಸೀವರಾ? ನಾನಿಲ್ದೆ ನೀವು ಮೋಸ ಹೋಗ್ತೀರಿ, ಕನ್ನಡಕದೋರೆ. ನಡೀರಿ.”

ಅಂಗಡಿಯಲ್ಲಿ ಮೆಕ್ಯಾನಿಕ್ ಒಂದೊಂದೇ ರಿಸೀವರನ್ನು ಕೂಸಿನಂತೆ ಎತ್ತಿ ತೂಗತೊಡಗಿದರು. “ಇದು ಖಾಲಿ ಡಬ್ಬ. ಇದೂ ಡಬ್ಬ. ಎತ್ತಿದ್ರೆ ಸೊಂಟ ಹಿಡೀಬೇಕು ನೋಡಿ, ಅದು ಮಾಲು!”

ಕನ್ನಡಕದವರು ಹಲ್ಲು ಕಚ್ಚಿಕೊಂಡು ಮಾರಾಟಗಾರನತ್ತ ತಿರುಗಿದರು. “ನಾಲ್ಕು ಓಮಿನ ಸ್ಪೀಕರು ತಡೆಯೋದು ಯಾವುದಪ್ಪಾ?”

“ಎಲ್ಲಾನೂ ಎಂಟು ಓಮಿಗೇ ತಡೆಯುತ್ತೆ ಸಾರ್. ನಾಲ್ಕು ಅದರ ಅರ್ಧ ತಾನೇ?”

“ಅಯ್ಯೋ, ಅದು ಉಲ್ಟಾ ಕಣಪ್ಪಾ! ಓಮ್ ಕಡಿಮೆ ಆದಷ್ಟೂ ಸ್ಪೀಕರು ಕರೆಂಟು ಜಾಸ್ತಿ ಎಳೆಯುತ್ತೆ. ಬಾಗಿಲು ಅಗಲ ಮಾಡಿದ್ರೆ ಊಟಕ್ಕೆ ನುಗ್ಗೋರು ಹೆಚ್ಚಾಗಲ್ವಾ? ಅಷ್ಟು ಜನಕ್ಕೂ ಬಡಿಸೋ ತಾಕತ್ತು ರಿಸೀವರಿಗೆ ಇರಬೇಕು.”

ಮಾರಾಟಗಾರ ಗಂಭೀರವಾಗಿ ತಲೆಯಾಡಿಸಿದ. “ಅರ್ಥ ಆಯ್ತು ಸಾರ್. ಹಾಗಾದ್ರೆ ಕಪ್ಪು ಬಣ್ಣದ್ದು ಕೊಡ್ಲಾ, ಬೆಳ್ಳಿ ಬಣ್ಣದ್ದಾ?”

ಕೊನೆಗೆ ಕನ್ನಡಕದವರೇ ಜೇಬಿನ ಭೂತಗನ್ನಡಿ ತೆಗೆದು, ಕಪಾಟುಗಳ ಹಿಂದೆ ಮಂಡಿಯೂರಿ, ಪ್ರತಿಯೊಂದು ರಿಸೀವರಿನ ಬೆನ್ನನ್ನೂ ಓದುತ್ತ ಹೋದರು. ಮೂಲೆಯಲ್ಲಿದ್ದ ಒಂದರ ಮೇಲೆ ‘ನಾಲ್ಕು ಓಮಿನಿಂದ ಮೇಲಕ್ಕೆ’ ಎಂದು ಅಚ್ಚಾಗಿತ್ತು. ಮೂಗಿನ ಮೇಲೆ ಧೂಳು ಮೆತ್ತಿಸಿಕೊಂಡು ಅವರು ಎದ್ದಾಗ ಮೆಕ್ಯಾನಿಕ್ ಅದನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡರು. “ಅಮ್ಮಾ! ಇದೇ ಅಂತ ನಾನು ಆಗಿಂದ ಬಡ್ಕೋತಾ ಇದೀನಲ್ಲ!”

ವಾಪಸು ಬಂದು ಲಿಫ್ಟು ಹತ್ತಿದರೆ, ಮೆಕ್ಯಾನಿಕ್ ಕಿವಿ ನಿಮಿರಿಸಿದರು. “ಬ್ರೇಕು ಸವೆದಿದೆ. ಕೇಳಿಸ್ತಾ?”

“ಇಲ್ಲ. ದಯವಿಟ್ಟು ಏನೂ ಮುಟ್ಬೇಡಿ.”

ಮುಟ್ಟಿಯಾಗಿತ್ತು. ಎರಡು ಮಹಡಿಗಳ ನಡುವೆ ನಿಂತ ಲಿಫ್ಟಿನಲ್ಲಿ, ರಿಸೀವರನ್ನು ಎದೆಗವಚಿಕೊಂಡು, ಕನ್ನಡಕದವರು ಮೆಕ್ಯಾನಿಕ್ಕರ ವೃತ್ತಿಜೀವನದ ಪೂರ್ತಿ ಕತೆ ಕೇಳಿದರು. ಮನೆ ತಲುಪುವಾಗ ಕಿಟಕಿಯ ಬಿಸಿಲು ಗೋಡೆಗೆ ಹತ್ತಿತ್ತು.

ತಂತಿ ಸಿಕ್ಕಿಸುವುದೇನೋ ಬೇಗ ಮುಗಿಯಿತು. ಆದರೆ ಹೊಸ ರಿಸೀವರಿಗೊಂದು ನೇಮವಿತ್ತು. ಕೇಳುವವರು ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ, ಅದರ ಪುಟ್ಟ ಮೈಕು ಇಡಬೇಕು. ಸ್ಪೀಕರುಗಳು ಒಂದಾದ ಮೇಲೊಂದು ‘ವೂಪ್’ ಎಂದು ಕೂಗುತ್ತವೆ. ಮೈಕು ಅದನ್ನು ಕೇಳಿ ಆ ಜಾಗಕ್ಕೆ ಒಪ್ಪುವಂತೆ ಸದ್ದನ್ನು ಹೊಂದಿಸುತ್ತದೆ. ಅಲ್ಲಿಯವರೆಗೆ ಮನೆಯಲ್ಲಿ ಪಿಟ್ಟೆನ್ನುವಂತಿಲ್ಲ.

ಕನ್ನಡಕದವರು ತಮ್ಮ ಆರಾಮಕುರ್ಚಿಯ ಮೇಲೆ ದಿಂಬು ಪೇರಿಸಿ, ತುದಿಗೆ ಮೈಕು ನಿಲ್ಲಿಸಿದರು.

ವೂಪ್.

“ರೀ, ಏನದು ಗೂಬೆ ಕೂಗಿದ ಹಾಗೆ?” ಎಂದಳು ಹೆಂಡತಿ ಅಡುಗೆಮನೆಯಿಂದ. ಅಳತೆ ಕೆಟ್ಟಿತು.

ಮತ್ತೆ ವೂಪ್. ಈ ಸಲ ಮೆಕ್ಯಾನಿಕ್ ಬಾಗಿಲು ದಬದಬ ಬಡಿದರು. “ಕನ್ನಡಕದೋರೆ, ಹೊಗೆ ಏನಾದ್ರೂ ಬಂತಾ?”

“ನನ್ನ ತಲೆಯಿಂದ ಬರ್ತಾ ಇದೆ! ಹೋಗಿ ಸಾರ್!”

ಮೂರನೆಯ ಸಲ ಎರಡು ಸ್ಪೀಕರು ಕೂಗಿ ಮುಗಿಸಿದ್ದವು. ಅಷ್ಟರಲ್ಲಿ ಭಾವಮೈದುನ ವ್ಯಾನಿನ ಕೀಲಿ ತಿರುಗಿಸುತ್ತ ಒಳಗೆ ಬಂದ. ಕನ್ನಡಕದವರು ತುಟಿಗೆ ಬೆರಳಿಟ್ಟು, ಕಣ್ಣಲ್ಲೇ ಕೈಮುಗಿದರು. ಗಾಬರಿಗೊಂಡ ಅವನು ತೆಪ್ಪಗೆ ಆರಾಮಕುರ್ಚಿಯಲ್ಲಿ ಕುಸಿದ, ದಿಂಬು ಜಾರಿತು, ಬೀಳುತ್ತಿದ್ದ ಮೈಕನ್ನು ಗಪ್ಪನೆ ಹಿಡಿದು ಕಿವಿಯ ಪಕ್ಕ ಎತ್ತಿಕೊಂಡು, ಫೋಟೋಗೆ ಕೂತವನಂತೆ ಉಸಿರು ಬಿಗಿಹಿಡಿದ. ಉಳಿದ ಮೂರೂ ಕೂಗಿದವು. ಪರದೆಯ ಮೇಲೆ ‘ಅಳತೆ ಮುಗಿಯಿತು’ ಎಂದು ಮೂಡಿತು.

ಸಿನಿಮಾ ಹಾಕಿದರು. ಬಾಗಿಲು ಒದ್ದರು, ಗುಂಡು ಹಾರಿತು, ಮಳೆ ಸುರಿಯಿತು, ರಿಸೀವರ್ ಮಿಸುಕಲಿಲ್ಲ. ಹೆಂಡತಿ ಸೌಟು ಹಿಡಿದೇ ಬಂದು ನಿಂತಳು. ಭಾವಮೈದುನನ ಕಣ್ಣು ಒದ್ದೆಯಾಗಿತ್ತು.

“ಭಾವ, ಮಳೆ ನನ್ನ ಹೆಗಲ ಮೇಲೇ ಬಿದ್ದ ಹಾಗಿದೆ! ಇದರ ಮೇಲೆ ಕುಂಡ ಇಡೋದಾ? ಛೇ! ಇದು ಇಲ್ಲೇ ಇರ್ಬೇಕು.”

ಕನ್ನಡಕದವರಿಗೆ ಅವನನ್ನು ತಬ್ಬಿಕೊಳ್ಳುವಷ್ಟು ಪ್ರೀತಿ ಉಕ್ಕಿತು.

“ದಿನಾ ಕೆಲಸ ಮುಗಿಸಿ ನಾನೇ ಬಂದುಬಿಡ್ತೀನಿ,” ಎಂದ ಅವನು, ಕುರ್ಚಿಯಲ್ಲಿ ಇನ್ನಷ್ಟು ಒರಗಿ.

“ಬಾರೋ, ಊಟಾನೂ ಇಲ್ಲೇ ಮಾಡು,” ಎಂದಳು ಅಕ್ಕ.

ಕನ್ನಡಕದವರು ಮೂಲೆಯ ಸ್ಟೂಲಿನಲ್ಲಿ ಕುಳಿತರು. ಅಲ್ಲಿಗೆ ನಾಯಕಿಯ ಮಾತು ಬರುತ್ತಿರಲಿಲ್ಲ. ಕಿವಿಗಂಟಿದಂತಿದ್ದ ಹಿಂದಿನ ಸ್ಪೀಕರಿನಿಂದ ನಾಯಿಯೊಂದು ಬೊಗಳುವುದಷ್ಟೇ ಕೇಳಿಸುತ್ತಿತ್ತು.

“ಸ್ವಲ್ಪ ಎದ್ದೇಳೋ,” ಎಂದರು ಮೆಲ್ಲಗೆ. “ಈ ಕಡೆಗೂ ಒಂದ್ಸಲ ಅಳತೆ ತಗೊಳ್ಳೋಣ...”

ಭಾವಮೈದುನ ಪರದೆಯಿಂದ ಕಣ್ಣು ಕೀಳದೆ ತುಟಿಗೆ ಬೆರಳಿಟ್ಟ.

“ಶ್... ಭಾವ! ಮನೇಲಿ ಒಬ್ರು ಸಿನಿಮಾ ನೋಡ್ತಾ ಇದ್ರೆ ಹೀಗೆ ಮಾತಾಡ್ತಾರಾ?”