ಕೊಲೆಗಾರನ ಬಲತೋಳು

ಆ ವರ್ಷ ಚಳಿ ಕಾಲಿಡುತ್ತಿದ್ದ ಹಾಗೆ ಬಾಂಗ್ ಮನ್‌ಸಿಕ್ ಬೆಳ್ಳುಳ್ಳಿಯ ವಿರುದ್ಧ ಬಂಡಾಯದ ಬಾವುಟ ಹಾರಿಸಿದ.

ಕಾರಣ ಇಷ್ಟೇ. ದೇಜಾನ್ ಊರಿನ ಅವರ ಫ್ಲಾಟಿನಲ್ಲಿ ಪ್ರತಿ ಚಳಿಗಾಲಕ್ಕೂ ಮೂರು ಮನೆಗಾಗುವಷ್ಟು ಕಿಮ್ಚಿ, ಅಂದರೆ ಕೋಸಿನ ಖಾರದ ಉಪ್ಪಿನಕಾಯಿ, ಹಾಕುತ್ತಾರೆ: ಅವರಿಗೆ, ಮಗಳು ದಾಮಿಗೆ, ಹೆಂಡತಿಯ ಅಕ್ಕನಿಗೆ. ಕೋಸಿನ ಮೂಟೆಗಳನ್ನು ಲಿಫ್ಟಿನಿಂದ ಬಚ್ಚಲಿನವರೆಗೆ ಹೊರುವುದು ಮನ್‌ಸಿಕ್‌ನ ಪಾಲು. ಮಿಕ್ಕ ಕೆಲಸವೆಲ್ಲ ಹೆಂಡತಿ ಓಕ್‌ಸುನ್‌ಳದು. ಎಷ್ಟೋ ವರ್ಷಗಳಿಂದ ನಡೆದುಬಂದ ಈ ಪವಿತ್ರ ಒಪ್ಪಂದವನ್ನು ಅವಳು ಒಂದು ಬೆಳಗ್ಗೆ, ಸೂಪು ಬಡಿಸುತ್ತ, ಸೊಪ್ಪು ತರಲು ಹೇಳುವಷ್ಟೇ ಸಲೀಸಾಗಿ ಮುರಿದಳು. ಈ ಸಲ ಬೆಳ್ಳುಳ್ಳಿ ನೀವು ಕುಟ್ಟಿ ಎಂದಳು. ಯಾಕೆ ಎಂದು ಹೇಳಲಿಲ್ಲ. ಅವಳು ಯಾವುದಕ್ಕೂ ಕಾರಣ ಹೇಳುವ ಪೈಕಿಯಲ್ಲ.

"ಆಗಲ್ಲ" ಎಂದ ಮನ್‌ಸಿಕ್. "ನಾನೀಗ ವಿದ್ಯಾರ್ಥಿ."

ಅದು ನಿಜವೇ. ರೈಲ್ವೆಯಿಂದ ನಿವೃತ್ತನಾದ ಮೇಲೆ ಅವನು ಬಡಾವಣೆಯ ಕೇಂದ್ರದಲ್ಲಿ ಹಿರಿಯರಿಗಾಗಿ ನಡೆಸುವ 'ಸಿನಿಮಾ ನೋಡುವ ಬಗೆ' ಎಂಬ ತರಗತಿಗೆ ಸೇರಿದ್ದ. (ಅಲ್ಲಿಯವರೆಗೆ ಅವನು ಕಣ್ಣು ಬಿಟ್ಟುಕೊಂಡು ಕೂತರೆ ಸಾಕು ಎಂದುಕೊಂಡಿದ್ದ.) ಮಗಳ ವಯಸ್ಸಿನ ತಾಕ್ ಮೇಷ್ಟ್ರು ಹೇಳಿಕೊಟ್ಟಿದ್ದರು: ಒಮ್ಮೆ ಸದ್ದು ನಿಲ್ಲಿಸಿ ನೋಡಿ, ಒಮ್ಮೆ ಕಣ್ಣು ಮುಚ್ಚಿ ಕೇಳಿ, ಆಗ ಚಿತ್ರ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಈ ಜ್ಞಾನೋದಯವಾದ ಮೇಲೆ ಮನೆಯಲ್ಲಿ ಸುಖವಿಲ್ಲದಂತಾಯಿತು. ಓಕ್‌ಸುನ್ ಮೀನು ಹುರಿಯುತ್ತಿದ್ದರೆ ಅವನು ನೆಲದ ಮೇಲೆ ಮಂಡಿಯೂರಿ ಕೂತು, ಕೆಳಗಿನಿಂದ ನೋಡಿದರೆ ಯಾರಾದರೂ ಭಯಂಕರವಾಗಿ ಕಾಣುತ್ತಾರೆ ಎನ್ನುತ್ತಿದ್ದ. ಅಡುಗೆಮನೆಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೆರಳೇ ಇಲ್ಲ, ಭಯವೇ ಇಲ್ಲ ಎಂದು ದೂರುತ್ತಿದ್ದ. ಭಯ ಬೇಕಾದರೆ ಬಚ್ಚಲಲ್ಲಿ ನೀವು ಬಿಟ್ಟ ಕಾಲುಚೀಲ ನೋಡಿಕೊಳ್ಳಿ ಎಂದು ಅವಳು ಉತ್ತರ ಕೊಟ್ಟಿದ್ದಳು.

ಅವಧಿಯ ಕೊನೆಗೆ ಒಂದು ಪರೀಕ್ಷೆಯಿತ್ತು. ಹಳೆಯ ಕೊಲೆಚಿತ್ರವೊಂದರ ಮೊದಲ ದೃಶ್ಯವನ್ನು ಮೇಷ್ಟ್ರು ಎಲ್ಲರ ಫೋನಿಗೂ ಕಳಿಸಿಕೊಟ್ಟರು. ಅದರ ನೋಟ ಮತ್ತು ಸದ್ದು ಎರಡನ್ನೂ ಬಿಡಿಸಿ, ಮನೆಯವರ ಮುಂದೆ ಭಾಷಣ ಮಾಡಬೇಕು. ಇದರಲ್ಲಿ ನಿರ್ದೇಶಕ ಸದ್ದಿನ ವಿಷಯದಲ್ಲಿ ಒಂದು ವಿಚಿತ್ರ ಮಾಡಿದ್ದಾನೆ, ಅದೇನೆಂದರೆ, ಎಂದು ಮೇಷ್ಟ್ರು ಹೇಳುತ್ತಿದ್ದಾಗ ಮನ್‌ಸಿಕ್ ಕಣ್ಣು ಮುಚ್ಚಿ ಕೇಳುವ ಅಭ್ಯಾಸದಲ್ಲಿದ್ದ. ಅಭ್ಯಾಸ ಹಾಗೇ ಗೊರಕೆಗೆ ತಿರುಗಿದ್ದರಿಂದ ಆ ವಿಚಿತ್ರ ಯಾವುದೆಂದು ಅವನಿಗೆ ತಿಳಿಯಲಿಲ್ಲ.

ಹಾಗೆಂದು ಅವನೇನೂ ಹೆದರಲಿಲ್ಲ. ಕಣ್ಣು ಮುಚ್ಚಿಕೊಂಡೇ, ಬರುವ ಗಾಡಿ ಗೂಡ್ಸೋ ಪ್ಯಾಸೆಂಜರೋ ಹೇಳುತ್ತಿದ್ದ ಕಿವಿ ಅವನದು. ಹೆಂಡತಿಗೆ ನೇರವಾಗಿ ಸವಾಲು ಹಾಕಿದ. ಭಾಷಣ ಗೆದ್ದರೆ ಇನ್ನು ಸಾಯುವ ತನಕ ಕಿಮ್ಚಿ ಕೆಲಸಕ್ಕೆ ಅವನನ್ನು ಕರೆಯಕೂಡದು. ಕೋಸಿನ ಮೂಟೆಗೂ ಕರೆಯಕೂಡದು.

"ಸೋತರೆ?" ಎಂದಳು ಓಕ್‌ಸುನ್.

"ಸೋತರೆ ಮೂರು ಮನೆ ಬೆಳ್ಳುಳ್ಳಿನೂ ನಾನೇ ಕುಟ್ತೀನಿ. ಬಾಂಗ್ ವಂಶದವರು ಮಾತಿಗೆ ತಪ್ಪೋರಲ್ಲ."

"ದಾಮಿ ಅಪ್ಪ, ವಂಶದ ಹೆಸರು ಎತ್ತಬೇಡಿ. ನಿಮ್ಮಪ್ಪನೂ ಹೀಗೇ ಹೇಳೋರು ಅಂತ ಅತ್ತೆ ಸಾಯೋ ತನಕ ನಗ್ತಿದ್ರು."

ಅಂದಿನಿಂದ ಸಾಧನೆ ಶುರುವಾಯಿತು. ಸಂಜೆ ಊಟಕ್ಕೆ ಮುಂಚೆ ಮನ್‌ಸಿಕ್ ಕೋಣೆಯ ಬಾಗಿಲು ಹಾಕಿ, ದೀಪ ಆರಿಸಿ, ಫೋನಿಗೆ ಬಂದ ದೃಶ್ಯವನ್ನು ಟಿವಿಯಲ್ಲಿ ಹಾಕಿ, ಅದರ ಸದ್ದನ್ನು ತುತ್ತತುದಿಗೆ ಏರಿಸಿ ಕೂರುತ್ತಿದ್ದ. ತೆರೆಯ ಮೇಲೆ ಒದ್ದೆಯಾದ ಓಣಿ. ಮುಚ್ಚಿದ ಮೀನಂಗಡಿಯ ಕೆಂಪು ದೀಪ ನೆಲದ ನೀರಿನಲ್ಲಿ ಹರಡಿಕೊಂಡಿದೆ. ಕ್ಯಾಮೆರಾ ಬೆಕ್ಕಿನ ಎತ್ತರದಲ್ಲಿ ತೆವಳುತ್ತ ಹೋಗಿ, ಅರ್ಧ ಇಳಿದ ಕಬ್ಬಿಣದ ಷಟರ್ ಮುಂದೆ ನಿಲ್ಲುತ್ತದೆ. ಷಟರ್ ಕೆಳಗಿನ ಬೆಳಕಿನ ಗೆರೆಯಲ್ಲಿ ಯಾರದೋ ನೆರಳು ಆಡುತ್ತದೆ. ಕೊನೆಗೆ ಒಂದು ಫೋನು ಬಡಿದುಕೊಳ್ಳುತ್ತದೆ. ನೋಟ ಚೆನ್ನಾಗಿತ್ತು, ಆದರೆ ಅವನನ್ನು ಅಲ್ಲಾಡಿಸಿದ್ದು ಸದ್ದು. ದೃಶ್ಯದ ಉದ್ದಕ್ಕೂ ಹಿಂದೆ ಒಂದು ಮಂದವಾದ ಗುಂಯ್ ಎಂಬ ನಾದ. ಅದರ ಮೇಲೆ, ಷಟರಿನ ಆಚೆಯಿಂದ ಬಂದಂತೆ, ಧಪ್, ಧಪ್, ಧಪ್. ನಡುನಡುವೆ ಏನನ್ನೋ ಕೆರೆದ ಸದ್ದು. ಮನ್‌ಸಿಕ್‌ನ ಮೈ ಜುಮ್ಮೆಂದಿತು.

ಪ್ರತಿ ಸಲ ನೋಡಿದಾಗಲೂ ಆ ಏಟುಗಳು ಬೇರೆ ಬೇರೆ ಜಾಗದಲ್ಲಿ ಬೀಳುತ್ತಿದ್ದುದು ಅವನ ಗಮನಕ್ಕೆ ಬಾರದೆ ಇರಲಿಲ್ಲ. ಆದರೆ ಶ್ರೇಷ್ಠ ಚಿತ್ರ ಪ್ರತಿ ಸಲವೂ ಹೊಸದಾಗಿ ಕಾಣುತ್ತದೆ ಎಂದು ಮೇಷ್ಟ್ರೇ ಹೇಳಿರಲಿಲ್ಲವೇ? ಇದು ಬಹಳ ಶ್ರೇಷ್ಠ ಚಿತ್ರವಾಗಿರಬೇಕು ಎಂದು ಅವನು ತೀರ್ಮಾನಿಸಿದ.

ಭಾಷಣದ ದಿನ ಓಕ್‌ಸುನ್ ಒಳ್ಳೆಯ ಕೋಟು ಹಾಕಿಕೊಂಡು ಬಂದು ಕೊನೆಯ ಸಾಲಿನಲ್ಲಿ ಕೂತಳು. ತರಗತಿಯಲ್ಲಿ ಎಲ್ಲರಿಗಿಂತ ವಯಸ್ಸಿನಲ್ಲಿ ದೊಡ್ಡವನು ತಾನು, ಆದ್ದರಿಂದ ಮೊದಲು ತಾನೇ ಎಂದು ಮನ್‌ಸಿಕ್ ಎದ್ದು ನಿಂತ. ಅದಕ್ಕೆ ಯಾರೂ ಎದುರಾಡುವಂತಿರಲಿಲ್ಲ. ಕೆಂಪು ಬೆಳಕು, ಬೆಕ್ಕಿನ ಎತ್ತರ, ಬೆಳಕಿನ ಗೆರೆ ಎಲ್ಲವನ್ನೂ ವಿವರಿಸಿದಾಗ ಮೇಷ್ಟ್ರು ತಲೆದೂಗಿದರು. ಆಮೇಲೆ ಅವನು ಗಂಟಲು ಸರಿಮಾಡಿಕೊಂಡು ಸದ್ದಿಗೆ ಬಂದ.

"ಆ ಏಟುಗಳನ್ನ ಗಮನ ಇಟ್ಟು ಕೇಳಬೇಕು" ಎಂದ. "ಅದು ಸಿಟ್ಟಿನ ಏಟಲ್ಲ. ಸಿಟ್ಟಿರೋನು ಬೇಗ ಬೇಗ ಹೊಡೆದು ಮುಗಿಸ್ತಾನೆ. ಇದು ಬೇಕಿರಲಿ ಬೇಡದಿರಲಿ ಮಾಡಲೇಬೇಕಾದ ಕೆಲಸ ಮಾಡೋರ ಏಟು. ಏಳೆಂಟು ಏಟಿಗೊಂದು ಸಲ ನಿಲ್ಲುತ್ತೆ. ಯಾಕೆ? ಕೊಲೆಗಾರನ ಬಲತೋಳು ನೋಯ್ತಿದೆ. ಎಡಗೈಗೆ ಬದಲಾಯಿಸ್ತಾನೆ, ಏಟು ಹಗುರಾಗುತ್ತೆ. ಒಂದು ಕಡೆ ನಿಟ್ಟುಸಿರು ಕೂಡ ಕೇಳಿಸುತ್ತೆ. ಪಾಪ, ಎಷ್ಟೋ ವರ್ಷದಿಂದ ಒಬ್ಬನೇ ಮಾಡ್ಕೊಂಡು ಬಂದಿದಾನೆ. ಪಕ್ಕದಲ್ಲೇ ಯಾರೋ ಇದಾರೆ ಅನ್ಸುತ್ತೆ. ಆದರೆ ಆ ಕಟುಕ ಎದ್ದು ಬರೋದಿಲ್ಲ."

ಇಷ್ಟು ಹೇಳುವಷ್ಟರಲ್ಲಿ ಮನ್‌ಸಿಕ್‌ನ ಕಣ್ಣು ತೇವವಾಗಿತ್ತು. ಒಬ್ಬ ಕೊಲೆಗಾರನಿಗಾಗಿ ತಾನು ಇಷ್ಟು ಮರುಗಬಲ್ಲೆ ಎಂದು ಅವನಿಗೇ ಗೊತ್ತಿರಲಿಲ್ಲ. ಮುಂದಿನ ಸಾಲಿನ ಒಬ್ಬಾಕೆ ಮೂಗು ಒರೆಸಿಕೊಂಡರು. ಮೇಷ್ಟ್ರು ಮಾತ್ರ ಹುಬ್ಬು ಗಂಟಿಕ್ಕಿಕೊಂಡು, ಎಲ್ಲಿ ಒಂದು ಸಲ ಹಾಕಿ ನೋಡೋಣ ಎಂದು ದೊಡ್ಡ ತೆರೆಯಲ್ಲಿ ದೃಶ್ಯ ಹಾಕಿದರು.

ಓಣಿ ಬಂತು, ಕೆಂಪು ದೀಪ ಬಂತು, ಷಟರ್ ಬಂತು. ಸದ್ದು ಬರಲಿಲ್ಲ. ಗುಂಯ್ ಇಲ್ಲ, ಧಪ್ ಇಲ್ಲ, ಯಾರೋ ಕೆಮ್ಮಿದ್ದು ಬಿಟ್ಟರೆ ಏನೂ ಇಲ್ಲ.

"ನಿಮ್ಮ ಸ್ಪೀಕರ್ ಕೆಟ್ಟಿದೆ" ಎಂದ ಮನ್‌ಸಿಕ್, ಧೈರ್ಯವಾಗಿ.

ಅಷ್ಟರಲ್ಲಿ ತೆರೆಯ ಮೇಲಿನ ಫೋನು ಕಿವಿ ಹರಿಯುವಂತೆ ಬಡಿದುಕೊಂಡಿತು. ಮೇಷ್ಟ್ರು ತಗ್ಗಿದ ದನಿಯಲ್ಲಿ, ಹಿರಿಯರೇ, ಇದರ ವಿಚಿತ್ರವೇ ಅದು, ಫೋನು ಬರುವ ತನಕ ನಿರ್ದೇಶಕ ಒಂದೇ ಒಂದು ಸದ್ದನ್ನೂ ಇಟ್ಟಿಲ್ಲ ಎಂದರು. ಮೌನದ ಬಗ್ಗೆ ಮಾತಾಡಲೆಂದೇ ಈ ದೃಶ್ಯವನ್ನು ಆರಿಸಿದ್ದರಂತೆ. ಸಭೆಯಲ್ಲಿ ಪಿಸುಪಿಸು ಎದ್ದಿತು. ಮನ್‌ಸಿಕ್ ಜಗ್ಗಲಿಲ್ಲ. ನಿರ್ದೇಶಕ ಇಟ್ಟಿರಲಿ ಬಿಡಲಿ, ತಾನು ಕೇಳಿದ್ದೇನೆ, ಈ ಎರಡು ಕಿವಿಯಲ್ಲಿ ಕೇಳಿದ್ದೇನೆ, ತನ್ನ ಕಿವಿಯನ್ನು ನಂಬಿ ಸಾವಿರಾರು ಜನ ರೈಲು ಹತ್ತಿದ್ದಾರೆ ಎಂದು ಮೇಜು ಗುದ್ದಿದ.

ಆಗ ಕೊನೆಯ ಸಾಲಿನಲ್ಲಿ ಓಕ್‌ಸುನ್ ಎದ್ದು ನಿಂತಳು.

"ಮೇಷ್ಟ್ರೇ, ಅವರು ಸುಳ್ಳು ಹೇಳ್ತಿಲ್ಲ" ಎಂದಳು. "ಸದ್ದು ಇತ್ತು. ಗುಂಯ್ ಅಂತಿದ್ದಿದ್ದು ನಮ್ಮ ಕಿಮ್ಚಿ ಫ್ರಿಜ್ಜು. ಕೆರೆದಿದ್ದು ಮೂಲಂಗಿ. ಧಪ್ ಧಪ್ ಅಂದಿದ್ದು ನಾನು. ಬೆಳ್ಳುಳ್ಳಿ ಕುಟ್ತಿದ್ದೆ."

(ಕೋಸಿನ ಕಿಮ್ಚಿ ಹಾಕುವ ದೊಡ್ಡ ದಿನಕ್ಕೆ ಮುಂಚೆ ಮೂಲಂಗಿಯದು, ಸಾಸಿವೆ ಸೊಪ್ಪಿನದು ಎಂದು ಚಿಲ್ಲರೆ ಕಿಮ್ಚಿಗಳಿರುತ್ತವೆ. ಅವುಗಳ ಬೆಳ್ಳುಳ್ಳಿಯನ್ನು ಅವಳು ದಿನಾ ಸಂಜೆ ಕುಟ್ಟುತ್ತಿದ್ದಳು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಎಲ್ಲರೂ ಎಂದರೆ ಓಕ್‌ಸುನ್.)

ಸಭೆ ನಕ್ಕಿತು. ಮೂಗು ಒರೆಸಿಕೊಂಡಿದ್ದ ಹೆಂಗಸು ಎಲ್ಲರಿಗಿಂತ ಜೋರಾಗಿ ನಕ್ಕರು. ಮನ್‌ಸಿಕ್ ತಲೆ ಎತ್ತಿಕೊಂಡೇ ಹೋಗಿ ತನ್ನ ಕುರ್ಚಿಯಲ್ಲಿ ಕೂತ, ಕಿವಿಯ ತುದಿ ಮಾತ್ರ ಮೀನಂಗಡಿಯ ದೀಪದಷ್ಟು ಕೆಂಪಾಗಿತ್ತು.

ಮನೆಗೆ ಹೋಗುವ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಅವಳು ಗೆದ್ದ ಖುಷಿಯಲ್ಲಿ ಚುಚ್ಚುತ್ತಾಳೆ ಎಂದು ಮನ್‌ಸಿಕ್ ನಿಲ್ದಾಣ ನಿಲ್ದಾಣಕ್ಕೂ ಕಾದ. ಕೊನೆಗೆ ಅವಳು ಕಿಟಕಿಯ ಕಡೆಗೆ ನೋಡಿಕೊಂಡೇ ಹೇಳಿದಳು.

"ತೋಳು ನೋವು ಶುರುವಾಗಿ ಮೂರು ವರ್ಷ ಆಯ್ತು. ನಿಮಗೆ ಗೊತ್ತಾಗೋಕೆ ನಾನು ಯಾರನ್ನಾದ್ರೂ ಕೊಲೆ ಮಾಡಬೇಕಾಯ್ತು."

ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಅವನು ಸಾಮಾನ್ಯವಾಗಿ ಮಾಡುವಂತೆ, ಬಸ್ಸಿನ ಚಾಲಕ ಬ್ರೇಕು ಹಾಕುವ ರೀತಿ ಸರಿಯಿಲ್ಲ ಎಂದು ಬೈದ.

ಮರುದಿನ ಮಧ್ಯಾಹ್ನ ಬೆಳ್ಳುಳ್ಳಿಯ ಬುಟ್ಟಿ, ಒರಳು, ಕುಳ್ಳ ಒನಕೆ ಎಲ್ಲವೂ ಅವನ ಮುಂದೆ ಬಂದು ಕೂತವು. ದಾಮಿ ಕಳಿಸಿಕೊಟ್ಟಿದ್ದ ಮಿಕ್ಸಿ ಎಲ್ಲಿ ಎಂದು ಮನ್‌ಸಿಕ್ ಸೂಕ್ಷ್ಮವಾಗಿ ವಿಚಾರಿಸಿದ. ಮಿಕ್ಸಿಯಲ್ಲಿ ಅರೆದ ಬೆಳ್ಳುಳ್ಳಿ ಕಹಿ, ಅಂಥ ಕಿಮ್ಚಿ ಬಾಂಗ್ ವಂಶದವರ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವನೇ ಅಪ್ಪಣೆ ಕೊಡಿಸಿದ್ದನಾದ್ದರಿಂದ, ಅದನ್ನು ಅಕ್ಕನಿಗೆ ಕೊಟ್ಟು ಎಷ್ಟೋ ಕಾಲವಾಯಿತು ಎಂದು ಉತ್ತರ ಬಂತು. ಒರಳಿನ ಕೆಳಗೆ ಹಾಕಿಕೊಳ್ಳಿ ಎಂದು ಅವಳು ಮಡಿಸಿದ ಕಂಬಳಿ ತಂದಿಟ್ಟಳು. ಕಂಬಳಿಯ ಮೇಲೆ ಕುಟ್ಟುವುದು ಹೇಡಿಗಳ ಲಕ್ಷಣ ಎಂದು ಅವನು ಅದನ್ನು ಆಚೆ ತಳ್ಳಿದ. ಸೋತಿರಬಹುದು, ಶರಣಾಗಿಲ್ಲ. ಓಕ್‌ಸುನ್ ಕೋಣೆಗೆ ಹೋಗಿ ಟಿವಿ ಮುಂದೆ ಕಾಲು ಚಾಚಿದಳು.

ಮನ್‌ಸಿಕ್ ಕುಟ್ಟಿದ. ತಾಕ್ ಮೇಷ್ಟ್ರನ್ನು ನೆನೆದು ಕುಟ್ಟಿದ, ಮೂಗು ಒರೆಸಿಕೊಂಡ ಹೆಂಗಸನ್ನು ನೆನೆದು ಇನ್ನೂ ಜೋರಾಗಿ ಕುಟ್ಟಿದ. ಸ್ವಲ್ಪ ಹೊತ್ತಿನಲ್ಲೇ ಗೋಡೆಯ ಮೇಲಿದ್ದ ಅಪಾರ್ಟ್‌ಮೆಂಟ್ ಆಫೀಸಿನ ಸ್ಪೀಕರ್ ಕರಕರ ಎಂದಿತು. ಈ ಕಟ್ಟಡದಲ್ಲಿ ಯಾರೋ ಬಹಳ ಜೋರಾಗಿ ಏನನ್ನೋ ಕುಟ್ಟುತ್ತಿದ್ದಾರೆ, ಕೆಳಗಿನ ಮನೆಗಳಿಂದ ದೂರು ಬಂದಿದೆ, ದಯವಿಟ್ಟು ಅಕ್ಕಪಕ್ಕದವರ ಬಗ್ಗೆಯೂ ಯೋಚಿಸಿ ಎಂದು ಒಂದು ಹೆಣ್ಣುದನಿ ಕಟ್ಟಡದ ಮನೆಮನೆಗೂ ಸಾರಿತು. ಓಕ್‌ಸುನ್ ಕುಟ್ಟಿದ ಅಷ್ಟೂ ವರ್ಷಗಳಲ್ಲಿ ಆ ಸ್ಪೀಕರ್ ಬೆಳ್ಳುಳ್ಳಿಯ ಬಗ್ಗೆ ಬಾಯಿ ಬಿಟ್ಟಿರಲಿಲ್ಲ.

ಅವನು ಕಂಬಳಿಯನ್ನು ಸದ್ದಿಲ್ಲದೆ ಎಳೆದುಕೊಂಡು ಒರಳಿನ ಕೆಳಗೆ ತುರುಕಿದ. ಮತ್ತೆ ಶುರು ಮಾಡಿದ. ಬುಟ್ಟಿಯಲ್ಲಿ ಇನ್ನೂ ಮುಕ್ಕಾಲು ಪಾಲು ಉಳಿದಿತ್ತು. ಏಳೆಂಟು ಏಟು ಹಾಕಿ, ನಿಂತು, ಉಸ್ಸೆಂದು ಉಸಿರು ಬಿಟ್ಟು, ಒನಕೆಯನ್ನು ಎಡಗೈಗೆ ಬದಲಾಯಿಸಿಕೊಂಡ.

ಕೋಣೆಯಲ್ಲಿ ಟಿವಿಯ ಸದ್ದು ತಟ್ಟನೆ ನಿಂತಿತು. ಅಲ್ಲಿ ಯಾರೋ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದರು.

"ದಾಮಿ ಅಪ್ಪ" ಎಂದಳು ಓಕ್‌ಸುನ್ ಒಳಗಿನಿಂದ. "ಕೊಲೆಗಾರನ ಬಲತೋಳು ನೋಯ್ತಿದೆ ಅನ್ಸುತ್ತೆ. ಪಕ್ಕದಲ್ಲಿ ಯಾರೋ ಇದಾರೆ. ಆದರೆ ಆ ಕಟುಕಿ ಎದ್ದು ಬರೋದಿಲ್ಲ."

ಮನ್‌ಸಿಕ್ ಎಡಗೈಯಲ್ಲೇ ಕುಟ್ಟತೊಡಗಿದ.