ಹೈಸ್ಕೂಲ್ ಪ್ರೇಮ ಬಾಡಿಗೆಗಿದೆ

“ಅಕ್ಷರ ಬರದೋಳು ಸಿಡಿ ಅಂಗಡಿ ಇಡ್ತಾಳಂತೆ. ಮೂರು ತಿಂಗಳಲ್ಲಿ ಬಾಗಿಲು ಹಾಕ್ಕೊಂಡು ಬರ್ತಾಳೆ, ನೋಡ್ತಿರಿ” ಅಂದಿದ್ದರು ನಮ್ಮ ಭಾವ. ಅಕ್ಷರ ಬರುತ್ತಿರಲಿಲ್ಲ, ನಿಜ. ಗಿರಾಕಿಗಳ ಬಾಯಲ್ಲಿ ಸಿನಿಮಾ ಹೆಸರು ಕೇಳಿ, ಕವರಿನ ಮೇಲೆ ಅದನ್ನೇ ಹುಡುಕಿ, ಹಾಗೇ ಓದು ಕಲಿತೆ.

ಚಂದಾಪುರದಲ್ಲಿ ಕೋಣೆ ಮಾಡಿಕೊಂಡು ಬೊಮ್ಮಸಂದ್ರದ ಫ್ಯಾಕ್ಟರಿಗಳಿಗೆ ಹೋಗುವವರು ನನ್ನ ಗಿರಾಕಿಗಳು. ದಿನವಿಡೀ ಮೆಷಿನ್ ಮುಂದೆ ನಿಂತು ಬಂದವರಿಗೆ ಹೊಡೆದಾಟದ ಸಿನಿಮಾ ಬೇಡ. ಹೈಸ್ಕೂಲ್ ಗೆಳೆತನ, ಮೊದಲ ಪ್ರೀತಿ, ಮೇಷ್ಟ್ರಿಗೆ ಕೀಟಲೆ, ಇಂಥದ್ದೇ ಬೇಕು. ಆದರೆ ಮಳಿಗೆಯ ಮಾಲೀಕರು, ಊರಿನ ಹಳೇ ಗೌಡರು, ಮೊದಲ ದಿನವೇ ಹೇಳಿದ್ದರು: “ಒಂದು ಕಂಪ್ಲೇಂಟ್ ಬಂದ್ರೂ ಷಟರ್ ಎಳೆಸ್ಬಿಡ್ತೀನಿ ಕಣಮ್ಮ.” ಇಂಥ ಗಿರಾಕಿಗಳನ್ನು ಇಟ್ಟುಕೊಂಡು ಕಂಪ್ಲೇಂಟ್ ಬಾರದಂತೆ ನೋಡಿಕೊಳ್ಳಲು ಹೊರಟರೆ ವಾರಕ್ಕೊಂದು ತಮಾಷೆ ತಾನಾಗಿಯೇ ಆಗುತ್ತದೆ.

೧. ಮಗಳಿಗೆ

ದಪ್ಪ ಮೀಸೆಯ ವೆಲ್ಡರ್ ಒಬ್ಬರು ವಾರಕ್ಕೆ ಎರಡು ಸಲ ಬರುವರು. ಬೇಕಾದ್ದು ಶಾಲೆಯ ಲವ್ ಸ್ಟೋರಿ ಮಾತ್ರ.

“ನಂಗಲ್ಲ ಅಕ್ಕ, ಮಗಳಿಗೆ.”

ವಾಪಸ್ ಕೊಡುವಾಗ ಮಾತ್ರ ಕಣ್ಣು ಕೆಂಪಗೆ. ಮಾರ್ಚ್ ತಿಂಗಳಲ್ಲಿ ನನಗೆ ತಡೆಯಲಾಗಲಿಲ್ಲ. “ಪರೀಕ್ಷೆ ಟೈಮು, ಮಗಳಿಗೆ ಇಷ್ಟೊಂದು ಸಿನಿಮಾ ತೋರಿಸ್ಬೇಡಿ ಅಣ್ಣ. ಅವರಮ್ಮ ಬೈಯಲ್ವಾ?”

ಅವರು ಗಡಿಬಿಡಿಯಲ್ಲಿ ಹೆಲ್ಮೆಟ್ ಹಾಕಿಕೊಂಡರು. ಒಳಗಿಂದ ಸಣ್ಣ ದನಿ ಬಂತು: “ನಂಗೇ ಇನ್ನೂ ಹುಡುಗಿ ನೋಡ್ತಾ ಇದಾರೆ ಅಕ್ಕ. ಮದುವೆ ಆದ್ಮೇಲೆ ಬೈತಾಳೋ ಏನೋ.”

೨. ಕೊನೆ ಹೇಳಿದವಳು

ರಾಯಚೂರು ಕಡೆಯ ಆರು ಹುಡುಗಿಯರಿಗೆ ಒಂದೇ ಕೋಣೆ, ಒಂದೇ ಟೀವಿ. ಎರಡನೇ ಶಿಫ್ಟಿನ ಮೂವರು ಬೆಳಿಗ್ಗೆ ಸಿನಿಮಾ ನೋಡಬೇಕು, ಮೊದಲ ಶಿಫ್ಟಿನ ಮೂವರು ಸಂಜೆ. ಒಂದು ದಿನ ಶಿಫ್ಟ್ ಬದಲಾಗುವ ಹೊತ್ತಿಗೆ ಗೇಟಿನಲ್ಲಿ ಎದುರಾದಾಗ ಬೆಳಿಗ್ಗೆ ನೋಡಿದವಳೊಬ್ಬಳು ಬಾಯಿ ತಡೆಯದೆ ಸಿನಿಮಾದ ಕೊನೆ ಹೇಳಿಬಿಟ್ಟಳು.

ಸಂಜೆ ಮೂವರು ನನ್ನ ಮುಂದೆ ನಿಂತರು. “ಅಕ್ಕಾರ, ಇದ ಸಿನಿಮಾ ಬ್ಯಾರೆ ಕೊನಿ ಇರೂದು ಕೊಡ್ರಿ.”

ಹಾಗೆ ಬರೋದಿಲ್ಲ ಎಂದು ತಿಳಿಹೇಳಿ ಕಳಿಸಿದೆ. ಮೂರು ದಿನ ಬಿಟ್ಟು ಸೊರಗಿದ ಮುಖ ಹೊತ್ತು ಬಂದರು.

“ಇನ್ನೂ ಜಗಳ ಮುಗಿದಿಲ್ವೇನ್ರೇ?”

“ಕೊನಿ ಹೇಳಿದಾಕಿಗೆ ಒಂದು ವಾರ ರೊಟ್ಟಿ ಇಲ್ಲ ಅಂದಿದ್ವಿ ಅಕ್ಕಾರ. ಆದ್ರ ರೊಟ್ಟಿ ಬಡಿಯಾಕಿ ಅಕೀನ ಅದಾಳ್ರಿ. ಮೂರು ದಿನದಿಂದ ಬನ್ ತಿನ್ನಾಕತ್ತೀವಿ.”

೩. ಗೌಡರ ತಪಾಸಣೆ

ಆ ಕೋಣೆಯ ಜಗಳ ಅಕ್ಕಪಕ್ಕದವರ ಬಾಯಿಂದ ಗೌಡರ ಕಿವಿಗೆ ಹೋಯಿತು.

“ಸ್ಕೂಲ್ ಐಕ್ಳು ಲವ್ ಮಾಡೋ ಪಿಚ್ಚರ್ ಕೊಟ್ಟು ಊರು ಕೆಡಿಸ್ತಿದೀಯಂತೆ. ಭಾನುವಾರಕ್ಕೆ ಖಾಲಿ ಮಾಡು.”

“ನೋಡ್ಬಿಟ್ಟು ಹೇಳಿ ಗೌಡ್ರೇ. ತಪ್ಪು ಅನ್ಸಿದ್ರೆ ಭಾನುವಾರ ಯಾಕೆ, ನಾಳೆನೇ ಹೋಗ್ತೀನಿ.”

ಆಗೆಲ್ಲ ಒಂದು ಸಿನಿಮಾಕ್ಕೆ ಎರಡು ಸಿಡಿ. ಮೊದಲನೆಯದನ್ನು ಅವರ ಕೈಗಿಟ್ಟೆ. ಎರಡನೆಯದನ್ನು ಬೇಕೆಂದೇ ಉಳಿಸಿಕೊಂಡೆ. ಆಡಿದ ಮಾತಿಗೆ ತಪ್ಪಬಾರದೆಂದು ಸಂಜೆಯೇ ಅಂಗಡಿಯನ್ನೆಲ್ಲ ಡಬ್ಬಗಳಿಗೆ ತುಂಬಿ ಹಗ್ಗ ಬಿಗಿದೆ.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಷಟರ್ ಮುಂದೆ ಗೌಡರು, ಅವರ ಹೆಂಡತಿ, ಕೋಲು ಹಿಡಿದ ಅವರ ತಾಯಿ, ಮೂವರೂ ಹಾಜರು.

“ಇನ್ನೊಂದು ಸಿಡಿ ಎಲ್ಲಮ್ಮ?” ಅಂದರು ಗೌಡರು, ನನ್ನ ಮುಖ ನೋಡದೆ.

“ಡಬ್ಬದಲ್ಲಿ. ಖಾಲಿ ಮಾಡು ಅಂದ್ರಲ್ಲ, ಕಟ್ಟಿಟ್ಟಿದೀನಿ. ಯಾವ ಡಬ್ಬ ಅಂತ ಗೊತ್ತಿಲ್ಲ.”

ಗೌಡರು ಕೆಮ್ಮಿದರು. ಅಜ್ಜಿ ಕೋಲು ಕುಟ್ಟಿತು. “ಆ ಎಣ್ಣು ಬರ್ದಿದ್ ಕಾಗ್ದ ಅವ್ರಪ್ಪನ ಕೈಗೆ ಸಿಕ್ಕದೆ. ಮುಂದೇನಾಯ್ತು ಅಂತ ಗೊತ್ತಾಗೋಗಂಟ ಇಲ್ಲಿಂದ ಯಾರೂ ಓಗಂಗಿಲ್ಲ. ಬಿಚ್ಚೋ ಡಬ್ಬ.”

ಊರಿಗೇ ಪಂಚಾಯ್ತಿ ಹೇಳುವ ಗೌಡರು ಪಂಚೆ ಎತ್ತಿಕಟ್ಟಿ, ನೆಲದ ಮೇಲೆ ಕೂತು, ಹನ್ನೊಂದು ಡಬ್ಬದ ಹಗ್ಗ ಬಿಚ್ಚಿದರು. ಸಿಡಿ ಸಿಕ್ಕಿದ್ದು ಹನ್ನೊಂದನೆಯದರಲ್ಲಿ. ಹೊರಡುವಾಗ ಅಜ್ಜಿ ಮಗನಿಗೆ ಹೇಳಿತು: “ಎಲ್ಲಾನೂ ಮೊದ್ಲಿದ್ದಂಗೆ ಜೋಡ್ಸಿಟ್ಟು ಬಾ.”

ಸಿಡಿ ಕಾಲ ಮುಗಿದ ಮೇಲೆ ಅಲ್ಲೇ ಪುಸ್ತಕ, ಜೆರಾಕ್ಸ್ ಶುರು ಮಾಡಿದೆ. ಆಮೇಲೆ ಗೌಡರಿಂದ ಮಳಿಗೆಯನ್ನೇ ಕೊಂಡೆ. ಈಗ ನನ್ನ ಹೆಸರಿನಲ್ಲಿ ಹತ್ತಡಿಗೆ ಹನ್ನೆರಡಡಿ ಮಳಿಗೆ, ಒಂದು ಸ್ಕೂಟರ್, ಎರಡು ಬೀರು ತುಂಬ ನಾನು ಓದಿದ ಪುಸ್ತಕಗಳಿವೆ. ಇಷ್ಟಕ್ಕೆ ತವರಿನ ಎರಡೆಳೆ ಚಿನ್ನದ ಸರ ಮಾರಿಹೋಯಿತು, ರಜೆಯಿಲ್ಲದೆ ಹತ್ತು ವರ್ಷದ ಭಾನುವಾರಗಳು ಹೋದವು. ಸರ ಮತ್ತೆ ಮಾಡಿಸಿಲ್ಲ.