ಅತ್ತೆಗೊಂದು ಅರುಂಧತಿ

ಕತ್ತಲೆಗೆ ಹೆದರುವವರನ್ನು ನೀವು ನೋಡಿರುತ್ತೀರಿ. ಬೆಳಕು ಕಂಡರೆ ಮುಖ ಸಿಂಡರಿಸುವವರು ಬೇಕಿದ್ದರೆ ಕಡಲಾಚೆಯ ಬಾಥೆಲ್ ಊರಿಗೆ ಬನ್ನಿ, ನನ್ನ ಸೋದರಮಾವನನ್ನು ತೋರಿಸುತ್ತೇನೆ. ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರು. ದೀಪಾವಳಿಗೂ ಒಂದೇ ಹಣತೆ ಸಾಕೆನ್ನುವ ಮನುಷ್ಯ. ಗರಾಜಿನ ದೀಪ ಆರಿಸಿರೆಂದು ಪಕ್ಕದ ಮನೆಯವರಿಗೆ ಅವರು ಕೊಟ್ಟಿರುವ ಕೋಡುಬಳೆಗಳನ್ನು ಸಾಲಾಗಿ ಜೋಡಿಸಿದರೆ ಚಂದ್ರನನ್ನೇ ಮುಟ್ಟಬಹುದು!

ಇಷ್ಟಕ್ಕೆಲ್ಲ ಕಾರಣ ಒಂದು ನಕ್ಷತ್ರ. ಮದುವೆಯ ದಿನ ಪುರೋಹಿತರು ನಡುಮಧ್ಯಾಹ್ನ ಇಬ್ಬರನ್ನೂ ಛತ್ರದ ಬಾಗಿಲಿಗೆ ಕರೆತಂದು, "ಹೆಂಡತಿಗೆ ಅರುಂಧತಿ ತೋರ್ಸಪ್ಪ" ಎಂದರಂತೆ. ಮಾವ ಶಾಮಿಯಾನದತ್ತ ಬೆರಳು ಮಾಡಿದರು, ಅತ್ತೆ ತಲೆಯಾಡಿಸಿದರು, ಎಲ್ಲರೂ ಊಟಕ್ಕೆ ಎದ್ದರು. ಈಗ ಅತ್ತೆಯ ನೋಟದ ನಡುಭಾಗ ಮಂಕಾಗುತ್ತಿದೆ. ನೋಡಬೇಕಾದ್ದನ್ನು ಬೇಗ ನೋಡಿಬಿಡಿ ಎಂದು ಡಾಕ್ಟರು ಹೇಳಿದಂದಿನಿಂದ ಮಾವನಿಗೆ ಒಂದೇ ಜಪ: ನಿಜವಾದ ಅರುಂಧತಿಯನ್ನು ಒಮ್ಮೆ ತೋರಿಸಿಬಿಡಬೇಕು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಸುಮ್ಮನಿರುವೆನೆ?

"ಮಾವ, ಅದನ್ನ ನೋಡಿದ್ರೆ ಸಂಸಾರ ಗಟ್ಟಿ ಅನ್ನೋಕೆ ಸಾಕ್ಷಿ ಏನು?"

"ಗಟ್ಟಿ ಆಗ್ಲಿ ಅಂತಲ್ಲ ಕಣೇ. ಅವತ್ತು ಸುಳ್ಳು ತೋರ್ಸಿದೀನಿ."

ಅಡುಗೆಮನೆಯಿಂದ ಅತ್ತೆ ಹೇಳಿದರು: "ನಾನೂ ಸುಳ್ಳೇ ನೋಡಿದೀನಿ ರೀ. ಸರಿಹೋಯ್ತಲ್ಲ."

ಆಗಸ್ಟಿನ ಒಂದು ಅಮಾವಾಸ್ಯೆ, ಮುಕಿಲ್ಟಿಯೊ ಬಂದರಿನಲ್ಲಿ ಕಾರು ಸಮೇತ ಫೆರ್ರಿ ದೋಣಿ ಹತ್ತಿ ಎದುರಿನ ದ್ವೀಪದ ಪಾರ್ಕಿಗೆ ಹೊರಟೆವು. ಆ ದ್ವೀಪದಲ್ಲಿ ಕತ್ತಲೆಗೆ ಕಾನೂನಿನ ರಕ್ಷಣೆ: ಯಾವ ದೀಪವೂ ಆಕಾಶಕ್ಕೆ ಬೆಳಕು ಚೆಲ್ಲುವಂತಿಲ್ಲ. ಬೀದಿದೀಪಗಳೂ ತಲೆತಗ್ಗಿಸಿಕೊಂಡು ನಿಂತಿರುತ್ತವೆ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಕೆಂಪು ಬೆಳಕಿನಿಂದ ತೊಂದರೆ ಕಡಿಮೆ ಎಂದು ಮಾವ ಓದಿಕೊಂಡಿದ್ದರು. ಒಂದು ಕೆಂಪು ಟಾರ್ಚ್ ಕೊಂಡಿದ್ದರೆ ಮುಗಿಯುತ್ತಿತ್ತು. ಇವರು, ಅರಿಶಿನ-ಕುಂಕುಮಕ್ಕೆ ಹೋದಲ್ಲೆಲ್ಲ ಅತ್ತೆಗೆ ಸಿಕ್ಕ, ಯಾರೂ ಎಂದೂ ಹೊಲಿಸದ ರವಿಕೆ ಕಣಗಳಲ್ಲಿ ಕೆಂಪನ್ನೆಲ್ಲ ಆರಿಸಿ ಟಾರ್ಚಿಗೆ, ಫೋನಿಗೆ, ಕಾರಿನ ಒಳದೀಪಕ್ಕೆ ಕಟ್ಟಿದ್ದರು. ಪಾರ್ಕಿನ ಕಾವಲುಗಾರ್ತಿ ವಿಚಾರಿಸಲು ಬಂದವಳು ಜರಿಯಂಚು ನೋಡಿ ಮೆಚ್ಚಿದಳು. ಮಾವ ಅವಳ ಟಾರ್ಚಿಗೂ ಒಂದು ಕಟ್ಟಿಕೊಟ್ಟರು. ರವಿಕೆ ಕಣ ಕೊಟ್ಟಮೇಲೆ ಕುಂಕುಮ ಕೊಡದೆ ಕಳಿಸುವುದು ಹೇಗೆಂದು ಅತ್ತೆಗೆ ಚಿಂತೆ.

ಕತ್ತಲಾಯಿತು. ಮಾವ ಅತ್ತೆಯ ಹಿಂದೆ ನಿಂತು ಅವರ ತಲೆಯನ್ನು ಟಿವಿ ಆಂಟೆನಾದಂತೆ ತಿರುಗಿಸತೊಡಗಿದರು.

"ಸಪ್ತರ್ಷಿ ಮಂಡಲ ಕಾಣ್ತಾ? ಬಾಲದಲ್ಲಿ ನಡುವಿನದು ವಸಿಷ್ಠ. ಅಂಟ್ಕೊಂಡ ಹಾಗೆ ಪಕ್ಕದಲ್ಲೇ ಚಿಕ್ಕದೊಂದು."

"ಎಲ್ಲಿ ನೋಡ್ತೀನೋ ಅಲ್ಲೇ ಮಬ್ಬಾಗತ್ತೆ ರೀ."

"ಕಣ್ಣು ಒರೆಸ್ಕೊಂಡು ನೋಡು."

"ಒರೆಸ್ಕೊಂಡೆ. ಇಲ್ಲ."

ಮಾವನ ಕೈ ಅತ್ತೆಯ ತಲೆಯ ಮೇಲೆಯೇ ನಿಂತುಬಿಟ್ಟಿತು.

ಕತ್ತು ನೋಯಿತೆಂದು ಅತ್ತೆ ಹುಲ್ಲಿನ ಮೇಲೆ ಮಲಗಿಬಿಟ್ಟರು. ಮಲಗಿದಲ್ಲಿಂದಲೇ ಕೇಳಿದರು: "ಮೋಡ ಇರಲ್ಲ ಅಂದ್ರಲ್ಲ ರೀ. ಇದೇನು, ಆ ತುದಿಯಿಂದ ಈ ತುದಿವರೆಗೆ ರಂಗೋಲಿ ಪುಡಿ ಚೆಲ್ಲಿದ ಹಾಗಿದೆ?"

ಮೋಡವಿರಲಿಲ್ಲ. ಅದು ಆಕಾಶಗಂಗೆ. ನೇರ ನೋಟಕ್ಕೆ ಚುಕ್ಕಿಯೊಂದು ಸಿಗದ ಕಣ್ಣಿಗೆ, ಅಂಚಿನಲ್ಲಿ ಅಷ್ಟೂ ಆಕಾಶ ಸಿಕ್ಕಿತ್ತು.

ಮಾವ ಒದ್ದೆ ಹುಲ್ಲಿನ ಮೇಲೆ ಅತ್ತೆಯ ಪಕ್ಕದಲ್ಲಿ ಮಲಗಿದರು.

"ಎಲ್ಲಿಂದ ಎಲ್ಲಿವರೆಗೆ?" ಎಂದರು. "ನೀನೇ ತೋರ್ಸು."